‘ಸಿದ್ಧ’ ಎಂದದ್ದೇ ತಪ್ಪಾಯಿತು: ನಿಘಂಟು ಎಕ್ಸ್‌ಟೆನ್ಶನ್, ಐದನೇ ವರದಿ

ಬ್ರೌಸರಿನಲ್ಲಿ ಆಯ್ದ ಪದದ ಅರ್ಥವನ್ನು ಡೆಸ್ಕ್‌ಟಾಪಿನಲ್ಲಿರುವ ನಿಘಂಟು ಆ್ಯಪ್‌ನಿಂದ ತಂದು ತೋರಿಸಬೇಕಾದ ನನ್ನ ಎಕ್ಸ್‌ಟೆನ್ಶನ್ ಕಳೆದ ಭಾನುವಾರ ರಾತ್ರಿ ಆ್ಯಪ್‌ನೊಂದಿಗೆ ಮಾತು ಬಿಟ್ಟಿತು. ನಾಲ್ಕು ಸಂಜೆಗಳ ನಂತರ ನಿನ್ನೆ ಇಬ್ಬರಿಗೂ ರಾಜಿಯಾಗಿದೆ. ಆ್ಯಪ್ ಎಲ್ಲಿದೆ ಎಂದು ಬ್ರೌಸರಿಗೆ ಹೇಳುವ ಮ್ಯಾನಿಫೆಸ್ಟ್ ಫೈಲ್ ಸರಿಯಾದ ಫೋಲ್ಡರಿನಲ್ಲಿದೆಯೇ, ಅದರಲ್ಲಿ ಹೋಸ್ಟ್‌ನ (ಬ್ರೌಸರ್ ಎಬ್ಬಿಸುವ, ಆ್ಯಪ್ ಕಡೆಯ ಪ್ರೋಗ್ರಾಮಿನ) ಪೂರ್ಣ ಪಾತ್ ಇದೆಯೇ, ಕ್ರೋಮ್‌ಗೆ ಬರೆದದ್ದನ್ನೇ ಫೈರ್‌ಫಾಕ್ಸ್‌ಗೂ ಅಂಟಿಸಿದ್ದೇನೆಯೇ ಎಂಬ ಪ್ರಶ್ನೆಗಳನ್ನು ಈ ಹಾದಿಯಲ್ಲಿ ನಡೆದವರೆಲ್ಲ ಕೇಳಿಯೇ ಕೇಳುತ್ತಾರೆ. ಅವೆಲ್ಲ ಸರಿಯಾಗಿಯೇ ಇದ್ದವು.

ಆ ಭಾನುವಾರ ನಾನು ಒಂದೇ ಪಟ್ಟಿಗೆ ಮೂರು ಕೆಲಸಗಳನ್ನು ಮಾಡಿದ್ದೆ. ಯಂತ್ರವನ್ನು ಉಬುಂಟು 22.04ಕ್ಕೆ ಏರಿಸಿದೆ. ಲಾಗ್ ಫೈಲಿನಲ್ಲಿ ಕನ್ನಡದ ಬದಲು ಯೂನಿಕೋಡ್ ಸಂಖ್ಯೆಗಳ ಸಾಲು ಕಾಣುತ್ತಿದ್ದುದನ್ನು ಸಹಿಸಲಾರದೆ, ಪೈಥಾನ್‌ನ ಜೇಸನ್ (ಸಂದೇಶಗಳನ್ನು ಪಠ್ಯವಾಗಿ ಬರೆಯುವ ರೂಪ) ಬರಹದಲ್ಲಿ, ಕನ್ನಡವನ್ನೂ ಇಂಗ್ಲಿಷ್ ಅಕ್ಷರ-ಅಂಕಿಗಳ ಸಂಕೇತವಾಗಿಸುವ ‘ಎನ್ಶೂರ್ ಆಸ್ಕಿ’ ಎಂಬ ಆಯ್ಕೆಯನ್ನು ಆಫ್ ಮಾಡಿದೆ. ಕೊನೆಗೆ, ಸಂಪರ್ಕವಾದೊಡನೆ ಆ್ಯಪ್ ಕಳುಹಿಸುವ ‘ರೆಡಿ’ ಎಂಬ ಇಂಗ್ಲಿಷ್ ಮಾತನ್ನು ಭಾಷಾಭಿಮಾನದಿಂದ ‘ಸಿದ್ಧ’ ಎಂದು ತಿದ್ದಿದೆ.

ಸಂಶಯ ಸಹಜವಾಗಿಯೇ ಉಬುಂಟುವಿನ ಮೇಲೆ ಹೋಯಿತು. 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ. ಸ್ನ್ಯಾಪ್ ತನ್ನ ಬೇಲಿಯೊಳಗೇ ಓಡುವುದರಿಂದ ಹೊರಗಿನ ಪ್ರೋಗ್ರಾಮನ್ನು ಎಬ್ಬಿಸಬೇಕಾದರೆ ಅದಕ್ಕೆ ಪೋರ್ಟಲ್ ಎಂಬ ಮಧ್ಯವರ್ತಿಯ ಅಪ್ಪಣೆ ಬೇಕು. ಎರಡು ಸಂಜೆ ಅದನ್ನು ಬೈಯುತ್ತಲೇ ಸ್ನ್ಯಾಪ್ ಕಿತ್ತು ಆ ಬೇಲಿಯಿಲ್ಲದ ಡೆಬ್ ಪ್ಯಾಕೇಜ್ ಹಾಕಿದೆ. ಎಕ್ಸ್‌ಟೆನ್ಶನ್ ಮಾತ್ರ ‘ಆ್ಯಪ್ ಸಿಗುತ್ತಿಲ್ಲ’ ಎಂಬ ಅದೇ ಕೆಂಪು ಸಾಲನ್ನು ತೋರಿಸಿತು. ಆ ಸಾಲನ್ನು ಬರೆದವನೂ ನಾನೇ: ಪೋರ್ಟ್ (ಇಬ್ಬರ ನಡುವಿನ ಸಂಪರ್ಕ) ಯಾವ ಕಾರಣಕ್ಕೆ ಕಡಿದುಹೋದರೂ ನನ್ನ ಕೋಡ್ ನಿಜವಾದ ದೋಷವನ್ನು ನುಂಗಿ ಇದೊಂದನ್ನೇ ಉಗುಳುತ್ತಿತ್ತು.

ಮೂರನೆಯ ಸಂಜೆ ಹೋಸ್ಟ್ ಎಲ್ಲಿಯವರೆಗೆ ಬರುತ್ತದೆಂದು ನೋಡಲು ಸಂದೇಶಕ್ಕಿಂತ ಮೊದಲು ‘ಹಿಯರ್’ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದವನ್ನು ಪ್ರಿಂಟ್ ಮಾಡಿಸಿ, ಅದು ತಕ್ಷಣ ಹೊರಬೀಳಲೆಂದು ಫ್ಲಶ್ ಕೂಡ ಹಾಕಿದೆ. ಸ್ಟ್ಯಾಂಡರ್ಡ್ ಔಟ್‌ಪುಟ್ ಬ್ರೌಸರಿನೊಂದಿಗಿನ ಸಂಭಾಷಣೆಗೇ ಮೀಸಲು, ಅಲ್ಲಿ ಹರಟೆ ಕೂಡದು ಎಂಬ ಮೊದಲ ಪಾಠವನ್ನೇ ಮರೆತಿದ್ದೆ. ಆದರೆ ಈ ಪೆದ್ದುತನವೇ ಉಪಕಾರಕ್ಕೆ ಬಂತು. ಆ್ಯಪ್ 1,70,19,95,880 ಬೈಟ್‌ಗಳ ಸಂದೇಶ ಕಳುಹಿಸಲು ನೋಡಿತು, ಮಿತಿ ಇರುವುದು 10,48,576 ಎಂದು ಬ್ರೌಸರ್ ಕನ್ಸೋಲ್ ದೂರಿತು. ನೂರೆಪ್ಪತ್ತು ಕೋಟಿ ಬೈಟ್ ಕಳುಹಿಸುವಷ್ಟು ದೊಡ್ಡ ನಿಘಂಟು ನನ್ನಲ್ಲಿಲ್ಲ. ಆ ಅಂಕಿಯನ್ನು ಹೆಕ್ಸ್‌ಗೆ (ಹದಿನಾರರ ಆಧಾರದ ಸಂಖ್ಯೆಗೆ) ಬದಲಿಸಿ ಬೈಟ್ ಬೈಟಾಗಿ ಹಿಂದುಮುಂದಾಗಿ ಓದಿದರೆ ನಾನು ಪ್ರಿಂಟ್ ಮಾಡಿಸಿದ ನಾಲ್ಕು ಅಕ್ಷರಗಳೇ ಸಾಲಾಗಿ ನಿಂತಿದ್ದವು. ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು ಹೇಳುವ ನಾಲ್ಕು ಬೈಟ್‌ಗಳಿರಬೇಕಲ್ಲವೇ. ಬ್ರೌಸರ್ ನನ್ನ ಪದವನ್ನೇ ಉದ್ದವೆಂದು ನಂಬಿತ್ತು.

ಹಾಗಾದರೆ ನಾನು ನಿಜವಾಗಿ ಕಳುಹಿಸುತ್ತಿದ್ದ ಉದ್ದ ಸರಿಯೇ? ಪ್ರಿಂಟ್ ತೆಗೆದು ಹೋಸ್ಟ್‌ನ ಔಟ್‌ಪುಟ್ ಅನ್ನು ಬೈಟ್‌ಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಡಂಪ್‌ಗೆ ಕೊಟ್ಟೆ. ತಲೆಯ ನಾಲ್ಕು ಬೈಟ್‌ಗಳು 15 ಎನ್ನುತ್ತಿದ್ದವು. ಬೆರಳಿಟ್ಟು ಎಣಿಸಿದರೆ ಅದರ ಹಿಂದೆ 25 ಬೈಟ್‌ಗಳಿದ್ದವು. ‘ಸಿದ್ಧ’ ಎಂಬುದು ಸ, ಇಕಾರದ ಗುಣಿತಚಿಹ್ನೆ, ದ, ವಿರಾಮ (ಒತ್ತು ಮೂಡಿಸುವ ಚಿಹ್ನೆ), ಧ ಎಂದು ಯೂನಿಕೋಡ್‌ನಲ್ಲಿ ಐದು ಘಟಕ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಘಟಕಕ್ಕೂ ಮೂರು ಬೈಟ್ ಬೇಕಾದ್ದರಿಂದ ಒಟ್ಟು 15. ಆವರಣ, ಉದ್ಧರಣ ಚಿಹ್ನೆ ಇತ್ಯಾದಿಗಳ 10 ಸೇರಿ 25. ನಾನು ಉದ್ದವನ್ನು ಅಳೆದದ್ದು ಬೈಟ್‌ಗಳಾಗಿ ಬದಲಿಸುವ ಮೊದಲು, ಅಂದರೆ ಅಕ್ಷರಗಳನ್ನು ಎಣಿಸಿ. ಬ್ರೌಸರ್ 15 ಬೈಟ್ ಓದಿ, ‘ದ’ಕಾರದ ಮೂರರಲ್ಲಿ ಒಂದು ಬೈಟಿಗೇ ಕತ್ತರಿ ಹಾಕಿ, ಅರ್ಧಂಬರ್ಧ ಜೇಸನ್ ಕಂಡು ಬಾಗಿಲು ಮುಚ್ಚುತ್ತಿತ್ತು. ಟರ್ಮಿನಲ್‌ನಲ್ಲಿ ಓಡಿಸಿದಾಗಲೆಲ್ಲ ಎಲ್ಲವೂ ಸರಿಯಾಗಿ ಕಂಡದ್ದಕ್ಕೂ ಇದೇ ಕಾರಣ: ನನ್ನ ಕಣ್ಣು ‘ಸಿದ್ಧ’ವನ್ನು ಓದಿತೇ ಹೊರತು ಉದ್ದವನ್ನು ತಾಳೆ ನೋಡಲಿಲ್ಲ.

ಈ ದೋಷ ಮೊದಲ ದಿನದಿಂದಲೂ ಇತ್ತು. ‘ಎನ್ಶೂರ್ ಆಸ್ಕಿ’ ಇದ್ದಷ್ಟು ದಿನ ಪೈಥಾನ್ ಕನ್ನಡವನ್ನೆಲ್ಲ ಆಸ್ಕಿ ಸಂಕೇತಗಳಾಗಿ ಬರೆಯುತ್ತಿದ್ದುದರಿಂದ ಅಕ್ಷರಗಳ ಲೆಕ್ಕವೂ ಬೈಟ್‌ಗಳ ಲೆಕ್ಕವೂ ಒಂದೇ ಆಗಿ, ತಪ್ಪು ಹೊದ್ದು ಮಲಗಿತ್ತು. ಮೊದಲು ಎನ್‌ಕೋಡ್, ಆಮೇಲೆ ಅಳತೆ ಎಂದು ಒಂದು ಸಾಲನ್ನು ಮೇಲಕ್ಕೆ ಸರಿಸಿದೆ, ಐಕಾನ್ ಹಸಿರಾಯಿತು. ವೃಥಾ ಬೈಸಿಕೊಂಡ ಸ್ನ್ಯಾಪ್‌ಗೆ ಕ್ಷಮೆ ಕೋರಿದ್ದೇನೆ, ಆದರೆ ಮರಳಿ ಹಾಕಿಲ್ಲ.

ನಿಘಂಟಿಗೆ ಬೇಕಾದ ಪದಪಟ್ಟಿಯ ಗೋಳು ಇನ್ನೂ ಮುಗಿದಿಲ್ಲ. ‘ಪೂರ್ತಿ ಯೂನಿಕೋಡ್’ ಎಂದು ಆಣೆಯಿಟ್ಟು ಆ ಪಟ್ಟಿ ಕೊಟ್ಟವರ ಎರಡನೇ ಕಂತನ್ನು ತೆರೆದರೆ ಹಳೆಯ ಫಾಂಟಿನ ಆಸ್ಕಿ ಗೊಂದಲವೇ ತುಂಬಿದೆ. ಫೋನ್ ಮಾಡಿದರೆ ತಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ ಎನ್ನುತ್ತಾರೆ. ಅದರ ಪರಿವರ್ತನೆಗೆ ಕೂರುವ ಮೊದಲು, ಹಸಿರು ಐಕಾನಿನ ಸಂಭ್ರಮದಲ್ಲಿ ‘ಮನೆ’ ಎಂದು ಆಯ್ದೆ, ಅರ್ಥ ಬಂತು. ‘ಮನೆಯಲ್ಲಿ’ ಎಂದು ಆಯ್ದೆ, ಪದವಿಲ್ಲ ಎಂದಿತು. ‘ಊರಿನಲ್ಲಿ’ಯಿಂದ ‘ಊರು’, ‘ಮರದಲ್ಲಿ’ಯಿಂದ ‘ಮರ’ ತೆಗೆಯಬಲ್ಲ ವಿಭಕ್ತಿ ಕಳಚುವ ಯಂತ್ರವೊಂದರ ಫೋಲ್ಡರನ್ನು ರಾತ್ರಿ ಹನ್ನೊಂದೂವರೆಗೆ ತೆರೆದಿದ್ದೇನೆ. ಸದ್ಯ ಅದರಲ್ಲಿ ಒಂದೇ ಫೈಲ್ ಇದೆ, ಅದೂ ಖಾಲಿ.