ಜೀಪು ಯಾರದು, ಮುಂಗಡ ಯಾರ ಕೈಗೆ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಅಂದರೆ ಅವರ ಹಾಡಿಗಳಲ್ಲಿ, ಜೀವನೋಪಾಯದ ಸಮೀಕ್ಷೆ ಮಾಡುವುದು ನನ್ನ ಕೆಲಸ. ನಮ್ಮ ನಮೂನೆಯಲ್ಲಿ ಆದಾಯಕ್ಕೆ ಒಂದಿಡೀ ಪುಟವಿದೆ. ಹೆಂಗಸರ ಭದ್ರತೆಗೆ ಇರುವುದು ಒಂದೇ ಸಾಲು: ‘ಸುರಕ್ಷಿತ ಎನಿಸುತ್ತದೆಯೇ? ಹೌದು / ಇಲ್ಲ’. ಬಹುತೇಕ ಎಲ್ಲರೂ ಹೌದು ಎನ್ನುತ್ತಾರೆ. ಗಂಡ ಜಗಲಿಯಲ್ಲೇ ಕೂತಿರುವಾಗ, ಗುರುತಿಲ್ಲದ ಒಬ್ಬಳು ಪೆನ್ನು ಹಿಡಿದು ಕೇಳಿದರೆ ಇನ್ನೇನು ಹೇಳಿಯಾರು? ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವುದಿಷ್ಟು: ಆ ಸಾಲನ್ನು ಕೊನೆಗೆ ಇಟ್ಟುಕೊಳ್ಳಿ. ಕೆಲಸಕ್ಕೆ ಯಾರ ಜೊತೆ, ಯಾವುದರಲ್ಲಿ ಹೋಗುತ್ತೀರಿ, ದುಡ್ಡು ಯಾರ ಕೈಗೆ ಬರುತ್ತದೆ ಎಂಬುದನ್ನು ಮೊದಲು ಕೇಳಿ.

ಹಿಂದೆ ಇಲ್ಲಿನ ನಗದು ಕಾಡಿನಿಂದಲೇ ಬರುತ್ತಿತ್ತು. ಜೇನು ಗಂಡಸರ ಕೆಲಸ. ನೆಲ್ಲಿ, ಸೀಗೆ, ಅಂಟುವಾಳಕ್ಕೆ ಮನೆಮಂದಿಯೆಲ್ಲ ಹೋಗುತ್ತಿದ್ದರು. ಅತ್ತಿಗೆ, ನಾದಿನಿ, ಪಕ್ಕದ ಮನೆಯವಳು ಸೇರಿ ಹೊರಟರೆ ಎಷ್ಟು ಹೊತ್ತಿಗೆ ಮರಳಬೇಕೆಂದು ತೀರ್ಮಾನಿಸುವವರೂ ಅವರೇ. ತಂದದ್ದು ಬುಡಕಟ್ಟು ಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯ ತಕ್ಕಡಿಗೆ ಹೋಗುತ್ತಿತ್ತು. ಹಳೆಯದೆಲ್ಲ ಚಿನ್ನ ಎಂದು ನಾನೇನೂ ಹೇಳುತ್ತಿಲ್ಲ. ಹಣ ತಡವಾಗುತ್ತಿದ್ದುದನ್ನು, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರಷ್ಟೇ ಇದ್ದುದನ್ನು ಅಜ್ಜಿಯರು ಇವತ್ತಿಗೂ ಬೈದುಕೊಂಡೇ ನೆನೆಯುತ್ತಾರೆ.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ, ಮಾರಾಟಕ್ಕಾಗಿ ಕಾಡಿನ ಉತ್ಪನ್ನ ಸಂಗ್ರಹಿಸುವುದು ಇಲ್ಲಿ ಕೆಲವೇ ವರ್ಷಗಳಲ್ಲಿ ನಿಂತಿತು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಕಾಡಿನ ಉತ್ಪನ್ನ ಸಂಗ್ರಹಿಸುವುದೂ ಸೇರಿದ ಸಮುದಾಯ ಹಕ್ಕು ದೊರೆಯಿತು. ಆದರೆ ಅಷ್ಟರಲ್ಲಿ ಜನ ಕಾಫಿ ತೋಟದ, ಕೊಡಗಿನ, ಕೇರಳದ ಶುಂಠಿ ಗದ್ದೆಗಳ ದಾರಿ ಹಿಡಿದಾಗಿತ್ತು. ಮೇಲಾಗಿ ನೆಲ್ಲಿ ಬಿಡುವುದೂ ಕಾಫಿ ಕೊಯ್ಲೂ ಒಂದೇ ಚಳಿಗಾಲದಲ್ಲಿ. ಕೈಗೆ ಬೇಗ ಸಿಗುವ ಕೂಲಿಯೇ ಗೆಲ್ಲುತ್ತದೆ.

ಕೂಲಿ ಕಾಡಿನ ಆದಾಯಕ್ಕಿಂತ ಹೆಚ್ಚು, ನಿಜ. ನಮ್ಮ ವರದಿಗಳು ಇದನ್ನೇ ಪ್ರಗತಿ ಎಂದು ಬರೆದುಕೊಳ್ಳುತ್ತವೆ. ಆದರೆ ತೋಟಕ್ಕೆ ಕರೆದೊಯ್ಯುವ ಜೀಪು ಬರುವುದು ಬೆಳಕು ಹರಿಯುವ ಮುನ್ನ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಬುತ್ತಿ ಹಿಡಿದು ತಿರುವಿನಲ್ಲಿ ನಿಂತವರನ್ನು ಮೇಸ್ತ್ರಿ ತಲೆ ಎಣಿಸಿ ಹತ್ತಿಸುತ್ತಾನೆ. ಚಾಲಕನ ಪಕ್ಕದ ಸೀಟಿಗೆ ಯಾವಾಗಲೂ ಗುಂಪಿನ ಹಿರಿಯ ಹೆಂಗಸೇ ಹೋಗಿ ಕೂರುವುದನ್ನು ಗಮನಿಸಿ ಕಾರಣ ಕೇಳಿದೆ. ‘ಆನೆ ಇದ್ದರೆ ವಾಸನೆಯಲ್ಲೇ ಗೊತ್ತಾಗುತ್ತದೆ ಮೇಡಂ. ಈ ಗಂಡಸರ ಮನಸ್ಸಿನಲ್ಲಿ ಏನಿದೆಯೋ ಹೇಗೆ ಗೊತ್ತಾಗಬೇಕು? ವಯಸ್ಸಿನ ಹುಡುಗಿಯರನ್ನು ಮುಂದೆ ಕೂರಿಸುವುದಿಲ್ಲ’ ಎಂದರು. ನಮೂನೆಯ ಯಾವ ಕಲಮಿಗೂ ಬಾರದ ಈ ವ್ಯವಸ್ಥೆಯನ್ನು ಯಾವ ಸಂಸ್ಥೆಯ ತರಬೇತಿಯೂ ಕಲಿಸಿದ್ದಲ್ಲ.

ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಮಾಲೀಕರು ಒದಗಿಸುವ ವಾಹನವೂ ಕೆಲಸದ ಸ್ಥಳವೇ. ಚಿಕ್ಕ ತೋಟದ ಕೂಲಿಯವಳು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಾನು ಕೇಳಿದ ಮನೆಗಳಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ತಿಳಿದರೂ ದೂರು ಕೊಡುವುದು ಸುಲಭವಲ್ಲ, ಏಕೆಂದರೆ ನಡುವೆ ಮುಂಗಡವಿದೆ. ಕೊಯ್ಲಿಗೆ ಮುಂಚೆ ಮೇಸ್ತ್ರಿ ಮುಂಗಡ ಕೊಡುವುದು ಗಂಡನ ಕೈಗೆ. ಅದು ತೀರುವುದು ಹೆಂಡತಿಯ ದಿನಗೂಲಿಯಿಂದ. ‘ನಾಳೆಯಿಂದ ಆ ಜೀಪು ಹತ್ತುವುದಿಲ್ಲ’ ಎಂದು ಅವಳು ಹೇಳಬೇಕಾದರೆ ಮೊದಲು ಮನೆಯಲ್ಲೇ ಜಗಳವಾಗಬೇಕು. ಸಂಜೆ ಕೂಲಿಯ ದುಡ್ಡು ಸಾರಾಯಿಗೆ ಹೋಗಿರುವ ಮನೆಯಲ್ಲಿ ಆ ಜಗಳ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾದ ಮೇಲೆ ಯಳಂದೂರಿನ ಆಸ್ಪತ್ರೆಗೆ, ಬ್ಯಾಂಕಿಗೆ ಹೋಗಲು ಯಾರನ್ನೂ ಕಾಸು ಕೇಳಬೇಕಿಲ್ಲ. ಆದರೆ ಮೊದಲ ಬಸ್ಸು ಬರುವಷ್ಟರಲ್ಲಿ ಜೀಪು ತೋಟ ಸೇರಿರುತ್ತದೆ.

ಕಾಡೂ ಮೊದಲಿನಂತಿಲ್ಲ. ನೆಲದ ಒಣ ಎಲೆಗಳಿಗೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನವೆಂಬ ಕಳೆಗಿಡ ಆಳೆತ್ತರಕ್ಕೆ ಬೆಳೆದು ಮುತ್ತಿಕೊಂಡಿತು ಎನ್ನುತ್ತಾರೆ ಹಿರಿಯರು. ಸೊಪ್ಪು, ಗೆಣಸು, ಸೌದೆಗೆ ಹೋದವಳಿಗೆ ಪೊದೆಯಾಚೆ ಏನಿದೆ ಎಂದೇ ಕಾಣುವುದಿಲ್ಲ.

ಕಾಗದದಲ್ಲಿ ಮಾತ್ರ ಹೆಣ್ಣಿಗೆ ಜಾಗವಿದೆ. ಅರಣ್ಯ ಹಕ್ಕುಪತ್ರ ಗಂಡ ಹೆಂಡಿರಿಬ್ಬರ ಹೆಸರಿನಲ್ಲಿರಬೇಕು. ಗ್ರಾಮಸಭೆಗೆ ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಆದರೆ ಸಭೆ ಕರೆಯುವುದು ಹಗಲು ಹನ್ನೊಂದಕ್ಕೆ, ಅವರೆಲ್ಲ ತೋಟದಲ್ಲಿರುವಾಗ. ಹಕ್ಕುಪತ್ರದ ನೆಲದಲ್ಲಿ ಬೆಳೆದ ಕಾಫಿ ಕೊಳ್ಳಲು ವ್ಯಾಪಾರಿ ಮನೆ ಬಾಗಿಲಿಗೇ ಬಂದು, ತೂಗಿ, ನೋಟು ಎಣಿಸುವುದು ಗಂಡಸಿನ ಕೈಗೆ. ಗೃಹಲಕ್ಷ್ಮಿಯ ಎರಡು ಸಾವಿರವನ್ನು ಕೆಲವರು ಬಿಟ್ಟಿ ಭಾಗ್ಯ ಎಂದು ಹಂಗಿಸುತ್ತಾರೆ. ಪೋಡಿನಲ್ಲಿ ಆ ಹಣದ ಬಗ್ಗೆ ಮಾತಾಡುವಾಗ ಹೆಂಗಸರ ದನಿ ಎಷ್ಟು ಗಟ್ಟಿಯಾಗುತ್ತದೆ ಎಂದು ಅವರು ಕೇಳಿಸಿಕೊಂಡಿಲ್ಲ.

ಹಾಗಾಗಿ ಈಗ ಸಮೀಕ್ಷೆಗೆ ಹೋಗುವುದು ತೋಟಕ್ಕೆ ರಜೆಯಿರುವ ದಿನ, ಮಧ್ಯಾಹ್ನದ ಅಡುಗೆ ಮುಗಿದ ಮೇಲೆ. ಕೂರುವುದು ಜಗಲಿಯಲ್ಲಲ್ಲ, ಹೆಂಗಸರು ಬಟ್ಟೆ ಒಗೆಯುವ ಕಡೆ. ವಾಹನ ಯಾರದು, ಮುಂಗಡ ಎಷ್ಟು, ತೆಗೆದುಕೊಂಡವರು ಯಾರು, ಇನ್ನೆಷ್ಟು ದಿನ ದುಡಿದರೆ ತೀರುತ್ತದೆ ಎಂದು ಕೇಳುತ್ತೇನೆ. ಕಂಪ್ಯೂಟರಿನಲ್ಲಿ ಇದನ್ನೆಲ್ಲ ತುಂಬಲು ಜಾಗವಿಲ್ಲ ಎಂದು ಕಚೇರಿಯಲ್ಲಿ ತಕರಾರು ಬಂತು. ಷರಾ ಕಲಂ ಖಾಲಿ ಇದೆಯಲ್ಲ, ಅದರಲ್ಲೇ ಬರೆದು ಕಳಿಸುತ್ತಿದ್ದೇನೆ.