ಕೆಂಪು ಗಾರೆ ನೆಲ ಹಾಕಿಸುವ ಮುನ್ನ

ಸಿಮೆಂಟ್ ನೆಲವೇ ಬೇಕೆಂದವರಿಗೆ ದಾರಿ ಎರಡು: ಕಾಂಕ್ರೀಟನ್ನು ಮೆಷಿನ್‌ನಲ್ಲಿ ಉಜ್ಜಿ ಪಾಲಿಶ್ ಮಾಡಿಸುವುದು, ಇಲ್ಲವೇ ಸಿಮೆಂಟಿಗೆ ಬೆರೆಸುವ ಕೆಂಪು ಬಣ್ಣದ ಪುಡಿಯಾದ ರೆಡ್ ಆಕ್ಸೈಡ್ ಹಾಕಿಸಿ, ಮೇಸ್ತ್ರಿ ಗಾರೆ ತೀಡುವ ಕರಣೆಯಲ್ಲೇ ಹೊಳಪು ತರಿಸುವುದು. ಸಣ್ಣ ಕೋಣೆಗಳ ಮನೆಗೆ ಎರಡನೆಯದೇ ಒಳ್ಳೆಯದು. ದೊಡ್ಡ ಮೆಷಿನ್ ಮೂಲೆಗೆ ಎಟುಕುವುದಿಲ್ಲ, ಅಂಚಿನ ಬಣ್ಣ ಬೇರೆಯೇ ಕಾಣುತ್ತದೆ.

ಒಂದು ಪಾಲು ಆಕ್ಸೈಡಿಗೆ ಮೂರು ಪಾಲು ಸಿಮೆಂಟ್. ಇಡೀ ಕೋಣೆಗೆ ಬೇಕಾದಷ್ಟನ್ನೂ ಒಣಗಿದ್ದಾಗಲೇ ಒಟ್ಟಿಗೆ ಕಲಸಿ, ಜರಡಿ ಹಿಡಿದಿಟ್ಟುಕೊಳ್ಳಬೇಕು. ಬಾಂಡ್ಲಿ ಬಾಂಡ್ಲಿಗೆ ಬೇರೆ ಬೇರೆ ಕಲಸಿದರೆ ನೆಲ ತೇಪೆ ಹಾಕಿದಂತಾಗುತ್ತದೆ. ಕೆಳಗಿನ 20 ಮಿ.ಮೀ. ಗಾರೆ ಇನ್ನೂ ಹಸಿಯಿರುವಾಗಲೇ ಮೇಲಿನ 3 ಮಿ.ಮೀ. ಬಣ್ಣದ ಪದರ ಕೂರಬೇಕು. ಒಣಗಿದ ಮೇಲೆ ಹಾಕಿದ್ದು ಮುಂದೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಹೊಳಪು ಹುಟ್ಟುವುದು ಕರಣೆಯಲ್ಲಿ. ಬೆರಳೊತ್ತಿದರೆ ಗುರುತು ಬೀಳಬೇಕು, ಬಣ್ಣ ಮೆತ್ತಬಾರದು. ಆ ಹದಕ್ಕೆ ಮೇಸ್ತ್ರಿ ಬಿಗಿಯಾಗಿ ಒತ್ತಿ ತೀಡಬೇಕು. ಬೇಗ ಮುಗಿಸಲೆಂದು ಮೇಲೆ ಒಣ ಸಿಮೆಂಟ್ ಉದುರಿಸಲು ಬಿಡಬೇಡಿ, ಕೂದಲೆಳೆಯ ಬಿರುಕು ಅಲ್ಲಿಂದಲೇ ಶುರು.

ದೊಡ್ಡ ಹಾಲ್ ಆದರೆ ಸುಮಾರು ಒಂದೊಂದು ಮೀಟರ್‌ಗೆ, ನೆಲವನ್ನು ಚೌಕಗಳಾಗಿ ಭಾಗಿಸುವ ಗಾಜಿನ ಪಟ್ಟಿ ಕೊಡಿಸಿ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ. ಬಿಸಿಲು, ಗಾಳಿ ತಾಗಿದರೆ ಮೇಲ್ಪದರ ಮೊದಲೇ ಒಣಗಿ ಸೀಳುತ್ತದೆ. ಮರುದಿನದಿಂದ ಕನಿಷ್ಠ 7 ದಿನ ನೀರು ಕಟ್ಟಿ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆಯೇ ಮೇಣ. ಒರೆಸಲು ಆ್ಯಸಿಡ್ ಖಂಡಿತ ಬೇಡ, ನಿಂಬೆರಸ ಚೆಲ್ಲಿದರೂ ತಕ್ಷಣ ಒರೆಸಿ.