ಮಾವ ಗುರುತು ಹಿಡಿದ ಮುದುಕ

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಯೂನಿವರ್ಸಿಟಿ ಅವೆನ್ಯೂದಲ್ಲಿ ಸ್ಟ್ಯಾನ್‌ಫರ್ಡ್ ಥಿಯೇಟರ್ ಅಂತ ಒಂದಿದೆ. 1925ರಲ್ಲಿ ಶುರುವಾಗಿದ್ದು. ಹೆಸರು ಕೇಳಿ ಯೂನಿವರ್ಸಿಟಿಯದ್ದು ಅಂದುಕೊಳ್ಳಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. 1987ರಲ್ಲಿ ಹಾಲಿವುಡ್‌ನ ಹಳೇ ಡ್ಯಾನ್ಸರ್-ನಟ ಫ್ರೆಡ್ ಆಸ್ಟೇರ್ ತೀರಿಕೊಂಡಾಗ, ಎಚ್‌ಪಿ ಕಂಪನಿ ಕಟ್ಟಿದ ಪ್ಯಾಕರ್ಡ್ ಅವರ ಮಗ ಈ ಥಿಯೇಟರನ್ನು ಬಾಡಿಗೆಗೆ ಹಿಡಿದು ಆಸ್ಟೇರ್ ಸಿನಿಮಾಗಳನ್ನು ಹಾಕಿದರಂತೆ. ಆಮೇಲೆ ಅವರ ಕುಟುಂಬದ ಫೌಂಡೇಶನ್ನೇ ಅದನ್ನು ಕೊಂಡುಕೊಂಡು, ಹಳೆಯ ಬಣ್ಣ, ಹಳೆಯ ಚಿತ್ತಾರ ಎಲ್ಲ ಸರಿಮಾಡಿಸಿ 1989ರಲ್ಲಿ ಮತ್ತೆ ತೆರೆಯಿತು. ಇಲ್ಲಿ ಹೊಸ ಸಿನಿಮಾ ಹಾಕುವುದಿಲ್ಲ. ಹಾಲಿವುಡ್‌ನ ಹಳೇ ಕಾಲದ ಸಿನಿಮಾಗಳೇ ಇಲ್ಲಿನ ಸರಕು. ಅದೂ ಫಿಲ್ಮ್ ಪ್ರಿಂಟಿನಲ್ಲಿ, ಸಾಮಾನ್ಯವಾಗಿ ಒಂದೇ ಟಿಕೆಟ್‌ಗೆ ಎರಡು ಸಿನಿಮಾ. ಪಾಪ್‌ಕಾರ್ನ್ ಅಗ್ಗ. ಬೇ ಏರಿಯಾದಲ್ಲಿ ಅಗ್ಗ ಅನ್ನುವ ಮಾತು ಬಾಯಿಗೆ ಬರುವುದೇ ಅಪರೂಪ, ಅದಕ್ಕೇ ಹೇಳಿದೆ.

ಸಿನಿಮಾದಷ್ಟೇ ನನಗೆ ಇಷ್ಟವಾಗೋದು ಅಲ್ಲಿಗೆ ಬರುವ ಜನ. ಕೆಲವರು ಪ್ರತಿ ವಾರ ಬರುತ್ತಾರೆ, ಹೆಚ್ಚಿನವರು ವಯಸ್ಸಾದವರು. ಕ್ಯೂನಲ್ಲಿ ನಿಂತರೆ ಸಾಕು, ಮಾತು ಶುರು. ಎಂಬತ್ತು ವರ್ಷದ ಹಿಂದಿನ ಮದುವೆ, ಡೈವೋರ್ಸ್, ಸ್ಟುಡಿಯೋ ಜಗಳಗಳನ್ನು ನಿನ್ನೆ ಪಕ್ಕದ ಮನೆಯಲ್ಲಿ ನಡೆದದ್ದು ಅನ್ನುವ ಹಾಗೆ ಹೇಳುತ್ತಾರೆ. ಯಾರು ಯಾರಿಗೆ ಮೋಸ ಮಾಡಿದರು, ಯಾರ ಪಾತ್ರ ಯಾರ ಪಾಲಾಯಿತು, ಎಲ್ಲಕ್ಕೂ ಅಲ್ಲೊಬ್ಬರ ಹತ್ತಿರ ಲೆಕ್ಕ ಇರುತ್ತದೆ. ಯಾವಾಗಲೂ ಕೆಂಪು ಕೋಟು ಹಾಕಿಕೊಂಡು ಬರುವ ಒಬ್ಬ ಅಜ್ಜಿ ಇದ್ದಾರೆ. ಅವರು ಹಳೇ ನಟಿ ಬಾರ್ಬರಾ ಸ್ಟ್ಯಾನ್‌ವಿಕ್ ಪಕ್ಷ. ಅವರ ಜೊತೆ ವಾದಕ್ಕೇ ಅಂತ ಬರುವ ಉದ್ದನೆಯ ತಾತ ಒಬ್ಬರು. ಅವರು ಬೆಟಿ ಡೇವಿಸ್ ಪಕ್ಷ. ರಾಜ್‌ಕುಮಾರ್, ವಿಷ್ಣುವರ್ಧನ್ ಅಭಿಮಾನಿಗಳ ನಡುವೆ ಬೆಳೆದ ನನಗೆ ಇದೇನು ಹೊಸದಲ್ಲ.

ಆ ಸಲ ಊರಿಂದ ಮಾವ ಬಂದಿದ್ದರು. ಹಾಸನದವರು. ಎಲ್‌ಐಸಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಅದರಲ್ಲೂ ಜಾಸ್ತಿ ವರ್ಷ ಕ್ಲೇಮ್ಸ್ ನೋಡಿಕೊಂಡವರು. ಇಲ್ಲಿಗೆ ಬಂದ ಎಲ್ಲ ಹಿರಿಯರ ಹಾಗೆ ಅವರಿಗೂ ಮಧ್ಯಾಹ್ನ ಕಳೆಯೋದೇ ಕಷ್ಟವಾಗಿತ್ತು. ವಾಕಿಂಗ್ ಆಯಿತು, ಪೇಪರ್ ಆಯಿತು, ಮೊಮ್ಮಗಳ ಹೋಮ್‌ವರ್ಕ್ ಆಯಿತು, ಆಮೇಲೆ? ಒಂದು ದಿನ ಕಾಫಿ ಕುಡಿಯುತ್ತಾ, ಬೆಂಗಳೂರಲ್ಲಿ ಡಿಗ್ರಿ ಓದುವಾಗ ಎಂ.ಜಿ. ರಸ್ತೆಯ ಪ್ಲಾಝಾದಲ್ಲಿ ಇಂಗ್ಲಿಷ್ ಸಿನಿಮಾ ನೋಡುತ್ತಿದ್ದೆ ಅಂದರು. ಆ ಪ್ಲಾಝಾ ಈಗಿಲ್ಲ, ಮೆಟ್ರೊಗೋಸ್ಕರ ಕೆಡವಿದರು. ಬ್ರಿಗೇಡ್ ರಸ್ತೆಯ ರೆಕ್ಸ್ ಕೂಡ 2018ರ ಕೊನೆಗೆ ಮುಚ್ಚಿತು. "ಹಾಗಾದ್ರೆ ಶನಿವಾರ ಬನ್ನಿ ಮಾವ, ಒಂದು ಕಡೆ ಹೋಗೋಣ" ಅಂದೆ. ನಮ್ಮವರಿಗೆ ಕಪ್ಪು-ಬಿಳುಪು ಸಿನಿಮಾ ಅಂದರೆ ನಿದ್ದೆ. ಅವರು ಮಗಳನ್ನು ನೋಡಿಕೊಳ್ಳುತ್ತೇನೆ ಅಂತ ಮನೆಯಲ್ಲೇ ಉಳಿದರು.

ಅವತ್ತು ಸ್ಟ್ಯಾನ್‌ವಿಕ್ ಜೋಡಿ: 1944ರ 'ಡಬಲ್ ಇಂಡೆಮ್ನಿಟಿ', ಆಮೇಲೆ 1941ರ 'ದಿ ಲೇಡಿ ಈವ್'. ಏಳೂವರೆಯ ಆಟಕ್ಕೆ ಮೊದಲು ಅಲ್ಲಿ ವುರ್ಲಿಟ್ಜರ್ ಆರ್ಗನ್ ನುಡಿಸುತ್ತಾರೆ. ಮೂಕಿ ಸಿನಿಮಾಗಳ ಕಾಲದಲ್ಲಿ ಪರದೆಯ ಮುಂದೆ ನುಡಿಸುತ್ತಿದ್ದ ಬಗೆಯ ವಾದ್ಯ. ಮಾವ ಸಿನಿಮಾನೇ ಶುರುವಾಯಿತು ಅನ್ನುವಷ್ಟು ಗಮನ ಕೊಟ್ಟು ಕೇಳಿದರು.

ಟೈಟಲ್ ಬಂದ ಕೂಡಲೇ ನನ್ನ ಕಡೆ ಬಗ್ಗಿ, "ಇದು ನಮ್ಮ ಡಬಲ್ ಆಕ್ಸಿಡೆಂಟ್ ಬೆನಿಫಿಟ್ ಕಣಮ್ಮಾ" ಅಂದರು. ನಿಜ ತಾನೆ? ಅಪಘಾತದಲ್ಲಿ ಸತ್ತರೆ ಎರಡು ಪಟ್ಟು ದುಡ್ಡು. ಕಥೆ ನಿಂತಿರೋದೇ ಅದರ ಮೇಲೆ. ಗಂಡನನ್ನು ಕೊಲ್ಲಿಸಿ ದುಡ್ಡು ಹೊಡೆಯಲು ನೋಡುವ ಹೆಂಡತಿ ಸ್ಟ್ಯಾನ್‌ವಿಕ್. ಅವಳ ಬಲೆಗೆ ಬೀಳುವ ಇನ್ಶೂರೆನ್ಸ್ ಏಜೆಂಟ್ ಫ್ರೆಡ್ ಮೆಕ್‌ಮರ್ರಿ. ಅದೇ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ವಾಸನೆ ಹಿಡಿಯುವ ಕೀಸ್. ಆ ಪಾತ್ರ ಎಡ್ವರ್ಡ್ ಜಿ. ರಾಬಿನ್ಸನ್‌ದು. ಬಿಲ್ಲಿ ವೈಲ್ಡರ್ ನಿರ್ದೇಶನ. ಏಜೆಂಟ್ ಮೊದಲ ಕೆಲವೇ ನಿಮಿಷಗಳಲ್ಲಿ ತಪ್ಪೊಪ್ಪಿಕೊಂಡುಬಿಡುತ್ತಾನೆ, ಆದ್ದರಿಂದ ಕೊಲೆ ಮಾಡಿದ್ದು ಯಾರು ಅನ್ನುವ ಕುತೂಹಲವೇ ಇಲ್ಲ. ಆದರೂ ಕುರ್ಚಿಯ ತುದಿಗೆ ಬರುತ್ತೀರಿ.

ಈ ಸಿನಿಮಾವನ್ನು ಹಳೇ ಅಭಿಮಾನಿಗಳ ಜೊತೆ ನೋಡುವ ಮಜವೇ ಬೇರೆ. ಅವರು ಕೆಲವು ಜಾಗಗಳಿಗೆ ಕಾಯುತ್ತಿರುತ್ತಾರೆ. ಮೆಕ್‌ಮರ್ರಿ ಆಡುವುದು ಮದುವೆಯಾಗದವನ ಪಾತ್ರ. ಆದರೆ ಅವನ ಕೈಯಲ್ಲಿ ಸ್ವಂತ ಮದುವೆಯ ಉಂಗುರ ಹಾಗೇ ಇದೆ, ತೆಗೆಯೋಕೆ ಮರೆತಿದ್ದಾನೆ. ಅದು ಕಂಡಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಂದು ಬಾಗಿಲಿನ ಕತೆ. ಕೀಸ್ ಏಜೆಂಟನ ಫ್ಲಾಟಿಗೆ ಬಂದಿದ್ದಾನೆ, ಹೊರಡುವ ಹೊತ್ತಿಗೆ ಅವಳೂ ಬಂದುಬಿಡುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರೆ ಕತೆ ಮುಗಿಯಿತು. ಏಜೆಂಟ್ ಬಾಗಿಲು ಹಿಡಿದು ನಿಲ್ಲುತ್ತಾನೆ, ಅವಳು ಬಾಗಿಲ ಹಿಂದೆ ಕಾರಿಡಾರಿನಲ್ಲಿ ಅಡಗುತ್ತಾಳೆ. ಫ್ಲಾಟಿನ ಬಾಗಿಲು ಕಾರಿಡಾರಿನ ಕಡೆಗೆ ತೆರೆಯುತ್ತದಾ ಎಲ್ಲಾದರೂ? ಒಳಗಡೆಗೆ ತಾನೇ ತೆರೆಯೋದು! ಆದರೆ ಒಳಗಡೆ ತೆರೆದರೆ ಅವಳು ಅಡಗೋದೆಲ್ಲಿ? ಈ ಪ್ರಶ್ನೆ ಬರುವುದು ಮನೆಗೆ ಹೋದ ಮೇಲೆ. ನೋಡುವಾಗ ಅವಳ ಕೈ ಬಾಗಿಲ ಹಿಡಿಯನ್ನು ಮೆಲ್ಲಗೆ ಎಳೆಯುವುದಷ್ಟೇ ಕಾಣುತ್ತದೆ, ನೀವೂ ಉಸಿರು ಬಿಗಿಹಿಡಿದು ಕೂತಿರುತ್ತೀರಿ. ನನ್ನ ಪ್ರಕಾರ ಇದು ವೈಲ್ಡರ್ ಬೇಕಂತಲೇ ಮಾಡಿದ ಸುಳ್ಳು, ಅದಕ್ಕೆ ನೂರಕ್ಕೆ ನೂರು ಕೊಡಬೇಕು.

ಇನ್ನೊಂದು ಸಂಗತಿ ಆ ಅಜ್ಜಿಯಿಂದಲೇ ತಿಳಿದದ್ದು. ಸಿನಿಮಾದಲ್ಲಿ ಆ ಹೆಂಡತಿಯ ಮನೆಯ ಹಾಲಿನಲ್ಲಿ ಕಿಟಕಿಯ ಪಟ್ಟಿಗಳಿಂದ ಬಿಸಿಲು ಬೀಳುವಾಗ ಗಾಳಿಯಲ್ಲಿ ಧೂಳು ತೇಲುತ್ತದಲ್ಲ, ಅದು ನಿಜವಾದ ಧೂಳಲ್ಲ. ಕ್ಯಾಮೆರಾಮನ್ ಜಾನ್ ಸೈಟ್ಸ್ ಲೋಹದ ನುಣುಪು ಪುಡಿಯನ್ನು ಗಾಳಿಗೆ ಊದಿಸಿ ಹಿಡಿದದ್ದು. ಹೇಳಿದ ಮೇಲೆ ಆ ಕೋಣೆಯನ್ನು ಮೊದಲಿನ ಹಾಗೆ ನೋಡೋಕೆ ಆಗುವುದಿಲ್ಲ.

ಮಾವ ಮಾತ್ರ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಅವರು ಕ್ಲೇಮ್ ನೋಡುತ್ತಿದ್ದರು. ಗಂಡನ ಕಾಲು ಮುರಿದಿದೆ, ಊರುಗೋಲು ಹಿಡಿದಿದ್ದಾನೆ. "ಕಾಲು ಮುರಿದಾಗ ಯಾಕೆ ಕ್ಲೇಮ್ ಹಾಕಲಿಲ್ಲ ಇವನು?" ಅಂತ ಗೊಣಗಿದರು. "ಪಾಲಿಸಿ ಇರೋದೇ ಅವನಿಗೆ ಗೊತ್ತಿಲ್ಲ ಕಣಮ್ಮಾ. ಕಳ್ಳರು ಸಿಕ್ಕಿಬೀಳೋದೇ ಇಲ್ಲಿ." ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಕೀಸ್ ಅದೇ ಪ್ರಶ್ನೆ ಕೇಳಿದ. ಮಾವ ತೊಡೆ ತಟ್ಟಿದರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಕೀಸ್ ತನ್ನ ಮೇಲಧಿಕಾರಿಗೆ ಆತ್ಮಹತ್ಯೆಗಳ ಅಂಕಿಅಂಶ ಪಟಪಟ ಅಂತ ಹೇಳುವ ಸೀನ್ ಬಂತು. ವಿಷ ಕುಡಿದವರು ಇಷ್ಟು ಬಗೆ, ಹಾರಿದವರು ಇಷ್ಟು ಬಗೆ, ಓಡುವ ರೈಲಿನ ಹಿಂದಿನಿಂದ ಹಾರಿ ಸತ್ತವರು ಯಾರೂ ಇಲ್ಲ ಅಂತ. ಅದು ಮುಗಿಯುವಷ್ಟರಲ್ಲಿ ಮಾವ ಅವನ ಅಭಿಮಾನಿ ಆಗಿಬಿಟ್ಟಿದ್ದರು. "ಆಫೀಸರ್ ಅಂದ್ರೆ ಹೀಗಿರಬೇಕು."

ಆ ಸೀನ್ ಆದಮೇಲೆ ನನ್ನ ತೋಳು ಹಿಡಿದು ಅಲ್ಲಾಡಿಸಿದರು.

"ಈ ದನಿ ಕೇಳಿದೀನಿ. ಇವನು ಮೆಕೆನ್ನಾಸ್ ಗೋಲ್ಡ್‌ನ ಕುರುಡು ಮುದುಕ ಅಲ್ವಾ? ಚಿನ್ನ ನೋಡಿದೀನಿ ಅಂತ ಕತೆ ಹೇಳ್ತಾನಲ್ಲ, ಅವನು!"

ನಾನು ಆ ಸಿನಿಮಾ ಪೂರ್ತಿ ನೋಡಿದವಳಲ್ಲ. ಸುಮ್ನೆ ತಲೆಯಾಡಿಸಿದೆ.

ಇಂಟರ್‌ವಲ್‌ನಲ್ಲಿ ಲಾಬಿಗೆ ಬಂದಾಗ ಅಜ್ಜಿ ಮತ್ತು ತಾತ ಅದಾಗಲೇ ಶುರುಮಾಡಿದ್ದರು. ಸ್ಟ್ಯಾನ್‌ವಿಕ್ ನಾಲ್ಕು ಸಲ ಆಸ್ಕರ್‌ಗೆ ನಾಮಿನೇಟ್ ಆದರೂ ಒಂದೂ ಗೆಲ್ಲಲಿಲ್ಲ ಅನ್ನುವುದು ಅಜ್ಜಿಯ ಹಳೇ ದುಃಖ. ಈ ಸಿನಿಮಾ ಏಳು ನಾಮಿನೇಶನ್ ಪಡೆದು ಬರಿಗೈಯಲ್ಲಿ ಮನೆಗೆ ಬಂತು. ಅವಳ ಜಾಗದಲ್ಲಿ ಆ ವರ್ಷ ಗೆದ್ದದ್ದು ಇಂಗ್ರಿಡ್ ಬರ್ಗ್‌ಮನ್. ಕೊನೆಗೆ 1982ರಲ್ಲಿ ಸ್ಟ್ಯಾನ್‌ವಿಕ್‌ಗೆ ಗೌರವ ಆಸ್ಕರ್ ಕೊಟ್ಟರು. ಅದನ್ನು ಹಿಡಿದು ಅವಳು ನೆನೆದದ್ದು ವಿಲಿಯಂ ಹೋಲ್ಡನ್‌ನನ್ನು. 1939ರಲ್ಲಿ ಅವನ ಮೊದಲ ದೊಡ್ಡ ಪಾತ್ರದಿಂದ ಸ್ಟುಡಿಯೋದವರು ತೆಗೆದುಹಾಕಲು ಹೊರಟಾಗ ಬೆನ್ನಿಗೆ ನಿಂತವಳು ಇವಳು. ಈ ಪ್ರಶಸ್ತಿ ಬರುವ ಕೆಲವೇ ತಿಂಗಳ ಹಿಂದೆ ಅವನು ಸತ್ತಿದ್ದ. ಇದನ್ನು ಹೇಳುವಾಗ ಅಜ್ಜಿ ಪ್ರತಿಸಲ ಕಣ್ಣೊರೆಸಿಕೊಳ್ಳುತ್ತಾರೆ. ತಾತ ಪ್ರತಿಸಲ ಪಾಪ್‌ಕಾರ್ನ್ ತರೋಕೆ ಹೋಗುತ್ತಾರೆ.

ಅವತ್ತು ಹೋಗಲು ಬಿಡದೆ ನಾನು ಮಾವನನ್ನು ಪರಿಚಯ ಮಾಡಿಸಿದೆ. ಮಾವನ ಇಂಗ್ಲಿಷ್ ಆಫೀಸಿನ ಇಂಗ್ಲಿಷ್. ಗಟ್ಟಿ, ನಿಧಾನ, ಪೂರ್ಣ ವಾಕ್ಯಗಳು. ಎದೆಯುಬ್ಬಿಸಿ ಕೇಳಿದರು, ಕೀಸ್ ಪಾತ್ರದವರು ಮೆಕೆನ್ನಾಸ್ ಗೋಲ್ಡ್‌ನಲ್ಲಿ ಓಲ್ಡ್ ಆಡಮ್ಸ್ ಅಲ್ಲವೇ?

ತಾತ ಒಂದು ಗಳಿಗೆ ಯೋಚಿಸಿದರು. ಹುಬ್ಬು ಮೇಲೆ ಹೋಯಿತು. "ಓ, ಹೌದಲ್ಲ! ಆದ್ರೆ ಆ ಸಿನಿಮಾನ ನೋಡಿದವರು ಯಾರು?"

"ಇಡೀ ಇಂಡಿಯಾ" ಅಂದರು ಮಾವ.

ಇದು ಅವರಿಗೆ ನಂಬಲಾಗದ ಸುದ್ದಿ. 1969ರ ಆ ಸಿನಿಮಾ ಅಮೆರಿಕದಲ್ಲಿ ಸೋತದ್ದು. ಇಷ್ಟು ಜನ ದೊಡ್ಡವರನ್ನು ಗುಡ್ಡೆಹಾಕಿಕೊಂಡೂ ಸೋತಿತು ಅಂತ ಇಲ್ಲಿನವರು ನೆನೆಯುವುದು. ಗ್ರೆಗರಿ ಪೆಕ್, ಒಮರ್ ಷರೀಫ್, ಟೆಲಿ ಸವಾಲಸ್, ಈಲೈ ವಾಲಕ್, ಲೀ ಜೆ. ಕಾಬ್, ರಾಬಿನ್ಸನ್ ಎಲ್ಲ ಇದ್ದರು. ನಮ್ಮ ಕಡೆ ಅದು ವರ್ಷಗಟ್ಟಲೆ ಮತ್ತೆ ಮತ್ತೆ ಬಿಡುಗಡೆಯಾಗಿ ಓಡಿತು. ಇಂಗ್ಲಿಷ್ ಒಂದಕ್ಷರ ಬಾರದವರೂ ನೋಡಿದರು. ಯಾಕೆ ಅಂತ ಅಜ್ಜಿ ಕೇಳಿದರು. ಮಾವ ಬಂಡೆಯ ನೆರಳಿನ ಸೀನ್ ಹೇಳಿದರು. ಸೂರ್ಯ ಹುಟ್ಟುತ್ತಿದ್ದ ಹಾಗೆ ಎತ್ತರದ ಬಂಡೆಗಂಬದ ನೆರಳು ಉದ್ದಕ್ಕೆ ಚಾಚಿಕೊಂಡು, ಚಿನ್ನದ ಕಣಿವೆಗೆ ಹೋಗುವ ದಾರಿ ತೋರಿಸುತ್ತದೆ. ಕುದುರೆಗಳು ಅದರ ಹಿಂದೆ ಓಡುತ್ತವೆ. ಕೈಯನ್ನು ಚಾಚಿ, ಲಾಬಿಯ ನೆಲದ ಮೇಲೆ ನೆರಳು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನಡೆದು ತೋರಿಸಿದರು. ಪಾಪ್‌ಕಾರ್ನ್ ಕ್ಯೂನಲ್ಲಿದ್ದವರು ದಾರಿ ಬಿಟ್ಟರು. (ಆ ಸಿನಿಮಾದಲ್ಲಿ ಒಂದು ಕೊಳದ ದೃಶ್ಯವೂ ಇದೆ, ಕಾಲೇಜು ಹುಡುಗರು ಮತ್ತೆ ಮತ್ತೆ ಹೋಗಿದ್ದಕ್ಕೆ ಅದೂ ಕಾರಣ ಅಂತ ನಮ್ಮವರು ಆಮೇಲೆ ಹೇಳಿದರು. ಮಾವ ಸೊಸೆಯ ಮುಂದೆ ಅದರ ಸುದ್ದಿ ಎತ್ತಲಿಲ್ಲ.)

ಅಲ್ಲಿಂದ ಮಾತು ರಾಬಿನ್ಸನ್ ಕಡೆ ತಿರುಗಿತು. ಈಗ ತಾತನ ಸರದಿ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಹುಟ್ಟಿದ ಯಹೂದಿ ಹುಡುಗ, ಹುಟ್ಟುಹೆಸರು ಇಮ್ಯಾನುಯೆಲ್ ಗೋಲ್ಡನ್‌ಬರ್ಗ್. 1931ರ ಗ್ಯಾಂಗ್‌ಸ್ಟರ್ ಪಾತ್ರದಿಂದ ಸ್ಟಾರ್ ಆದ. ಗಿಡ್ಡ, ದಪ್ಪ, ಕಪ್ಪೆಮೋರೆ, ಹೀರೊ ಲಕ್ಷಣ ಒಂದೂ ಇಲ್ಲ. ಮನೆಯಲ್ಲಿ ಮಾತ್ರ ಫ್ರೆಂಚ್ ಕಲಾವಿದರ ಅಪರೂಪದ ಚಿತ್ರಗಳನ್ನು ಕೂಡಿಟ್ಟಿದ್ದ. ಡೈವೋರ್ಸ್ ಆದಾಗ ಅವನ್ನು ಮಾರಬೇಕಾಯಿತು. ಆಸ್ಕರ್‌ಗೆ ಒಂದೇ ಒಂದು ಸಲವೂ ನಾಮಿನೇಟ್ ಆಗಲಿಲ್ಲ. 1973ರಲ್ಲಿ ಗೌರವ ಆಸ್ಕರ್ ಕೊಡುವುದು ಅಂತ ತೀರ್ಮಾನವಾಯಿತು. ಸಮಾರಂಭಕ್ಕೆ ಎರಡು ತಿಂಗಳಿರುವಾಗ ಜನವರಿಯಲ್ಲಿ ತೀರಿಕೊಂಡ.

"ಕ್ಲೇಮ್ ಸೆಟ್ಲ್ ಆಗೋದು ಯಾವಾಗಲೂ ಲೇಟೇ" ಅಂದರು ಮಾವ. ತಾತ ನಕ್ಕಿದ್ದು ನೋಡಿ ಅಜ್ಜಿಯೂ ನಕ್ಕರು.

ಎರಡನೇ ಸಿನಿಮಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದೇ ಸ್ಟ್ಯಾನ್‌ವಿಕ್, ಈಗ ಹಡಗಿನಲ್ಲಿ ಇಸ್ಪೀಟಾಡಿ ದುಡ್ಡು ಹೊಡೆಯುವವಳು. ಹಾವುಗಳ ಹಿಂದೆ ಬಿದ್ದ ಪೆದ್ದು ಶ್ರೀಮಂತನಾಗಿ ಹೆನ್ರಿ ಫೋಂಡಾ. ಅವಳು ಪುಟ್ಟ ಕನ್ನಡಿ ಹಿಡಿದು, ಊಟದ ಹಾಲಿನಲ್ಲಿ ಬೇರೆ ಹೆಂಗಸರು ಅವನ ಗಮನ ಸೆಳೆಯಲು ಪಡುವ ಪಾಡನ್ನು ನೋಡುತ್ತಾ ಕಾಮೆಂಟ್ರಿ ಕೊಡುತ್ತಾಳೆ, ಆಮೇಲೆ ಕಾಲು ಚಾಚಿ ಅವನನ್ನು ಬೀಳಿಸುತ್ತಾಳೆ. ಒಂದೇ ರಾತ್ರಿ ಎರಡನ್ನೂ ನೋಡಿದ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ, ನಾನು ಅಜ್ಜಿ ಪಕ್ಷ. ಬೆಟಿ ಡೇವಿಸ್ ನಟಿಸುತ್ತಿದ್ದಾಳೆ ಅಂತ ಗೊತ್ತಾಗುತ್ತದೆ, ಸ್ಟ್ಯಾನ್‌ವಿಕ್‌ದು ಗೊತ್ತಾಗುವುದಿಲ್ಲ. ಇದನ್ನು ತಾತನ ಮುಂದೆ ಹೇಳಿದೆ. ಅವರು ಸಿಟ್ಟಾಗಿ ಡೇವಿಸ್‌ಳ ಎರಡು ಆಸ್ಕರ್ ನೆನಪಿಸಿದರು. ಆಸ್ಕರ್ ಲೆಕ್ಕ ಹಿಡಿದರೆ ರಾಬಿನ್ಸನ್‌ಗೆ ಏನು ಹೇಳುತ್ತೀರಿ ಅಂತ ಅಜ್ಜಿ ತಿರುಗಿ ಕೇಳಿದರು.

ಕೆಲವು ವಾರ ಬಿಟ್ಟು ಮತ್ತೆ ಹೋದೆವು. ತಾತ ನಮ್ಮನ್ನು ಕಂಡು ಬೀದಿಯಿಂದಲೇ ಕೈಬೀಸಿದರು. ಮಾವನ ಮಾತು ಕೇಳಿ ಮೆಕೆನ್ನಾಸ್ ಗೋಲ್ಡ್ ಹುಡುಕಿ ನೋಡಿದರಂತೆ. ಹೇಗಿತ್ತು ಅಂತ ಮಾವ ಕೇಳಿದರು. ರಾಬಿನ್ಸನ್ ಇದ್ದಷ್ಟು ಹೊತ್ತು ಬಹಳ ಚೆನ್ನಾಗಿದೆ, ಅವನು ಹೋದಮೇಲೆ ಎದ್ದು ಹೋಗೋಣ ಅನ್ನಿಸಿತು, ಕೊನೆಯ ಭೂಕಂಪ ಆಟಿಕೆ ಸಾಮಾನಿನ ಹಾಗಿದೆ ಅಂದರು ತಾತ.

ಮಾವ ನಗುನಗುತ್ತಾ ತಲೆಯಾಡಿಸಿ ಥ್ಯಾಂಕ್ಸ್ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಟೀವಿಲಿ ನೋಡಿರ್ತಾರೆ ಬಿಡಮ್ಮಾ" ಅಂದರು.